ಹಳೆಯ ಕಾಂಟೆಸ್ಸಾಗೆ ಎಲೆಕ್ಟ್ರಿಕ್ ವಾಟರ್ ಪಂಪೋ, ಬೆಲ್ಟಿನ ಪಂಪೋ?

ಪೆರ್ಲದ ಕಾಂಟೆಸ್ಸಾ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಹಿಂದೂಸ್ತಾನ್ ಮೋಟರ್ಸಿನ ಕಾಂಟೆಸ್ಸಾ ಕ್ಲಾಸಿಕ್ ಇದೆ. ಇಸುಜು ವಿನ್ಯಾಸದ 1817 ಸಿಸಿ ಪೆಟ್ರೋಲ್ ಇಂಜಿನ್, ಕಾರ್ಬುರೇಟರ್, ಎಸಿ ಸಮೇತ. ಇದು ಗ್ಯಾರೇಜಿನಲ್ಲಿ ಹೊದಿಕೆ ಹಾಕಿ ಇಟ್ಟಿರುವ ಪ್ರದರ್ಶನದ ಕಾರಲ್ಲ. ವಾರಕ್ಕೆ ಮೂರು ದಿನ ಪೆರ್ಲದಿಂದ ಬದಿಯಡ್ಕ, ಚೆರ್ಕಳ ದಾಟಿ ಕಾಸರಗೋಡಿಗೆ ಹೋಗಿ ಬರುತ್ತೇನೆ, ತಿಂಗಳಿಗೊಮ್ಮೆ ಸುಳ್ಯ, ಸಂಪಾಜೆಯ ಮೂಲಕ ಮಡಿಕೇರಿಗೆ ಹೋಗುವುದೂ ಇದೆ.

ತೊಂದರೆ ಎರಡು ಬಗೆಯದು. ಹೆದ್ದಾರಿ 66ರ ಸರ್ವಿಸ್ ರಸ್ತೆಯಲ್ಲಿ ವಾಹನಗಳ ಸಾಲಿನಲ್ಲಿ ಹತ್ತು ನಿಮಿಷ ನಿಂತರೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ಅದಕ್ಕಿಂತ ಕಡಿಮೆಯಾದರೂ ಸಂಪಾಜೆ ಘಾಟಿಯಲ್ಲಿಯೂ ಏರುತ್ತದೆ. ಈಗ ವಾಟರ್ ಪಂಪಿನ ಕೆಳಗಿರುವ ಸಣ್ಣ ತೂತಿನಿಂದ ಹನಿ ಬೀಳಲು ತೊಡಗಿರುವುದರಿಂದ ಹೇಗೂ ಪಂಪಿಗೆ ಕೈಹಾಕಲೇಬೇಕಾಗಿದೆ. ಈ ಕಾರಿನ ತಯಾರಿ ನಿಂತು ಎರಡು ದಶಕ ಕಳೆದಿರುವುದರಿಂದ ಹೊಸ ಪಂಪು ಹುಡುಕುವುದು ಸುಲಭವಲ್ಲ. ಹೀಗಿರುವಾಗ ಇಂಜಿನ್ನೇ ತಿರುಗಿಸುವ ಬೆಲ್ಟಿನ ಪಂಪಿಗೆ ಶಾಶ್ವತವಾಗಿ ವಿದಾಯ ಹೇಳಿ, ಆಸ್ಟ್ರೇಲಿಯಾದ ಡೇವಿಸ್ ಕ್ರೇಗ್ ತಯಾರಿಸುವ 12 ವೋಲ್ಟಿನ ಎಲೆಕ್ಟ್ರಿಕ್ ಪಂಪನ್ನೋ ಅಂಥ ಬೇರೊಂದನ್ನೋ ತರಿಸಿ ಹಾಕಿದರೆ ಹೇಗೆ ಎಂಬುದು ನನ್ನ ಪ್ರಶ್ನೆ. ಇಂಜಿನ್ ನಿಧಾನವಾಗಿ ಓಡುತ್ತಿರುವಾಗಲೂ ಪೂರ್ಣ ಪ್ರಮಾಣದಲ್ಲಿ ನೀರು ಹರಿದರೆ ಮೊದಲನೆಯ ತೊಂದರೆಯಾದರೂ ನೀಗಬೇಕಲ್ಲವೇ?

ಮಂಜೇಶ್ವರದ ಸದಸ್ಯ:

ಹಾಕಿಬಿಡಿ. ಬಿಎಂಡಬ್ಲ್ಯು 2004ರಲ್ಲಿ ತಂದ ಎನ್52 ಇಂಜಿನ್ನಿಗೆ ಎಲೆಕ್ಟ್ರಿಕ್ ಪಂಪನ್ನೇ ಇಟ್ಟಿತು. 2009ರ ಪ್ರಿಯಸ್ಸಿನಲ್ಲಿ ಟೊಯೋಟಾ ಇಂಜಿನ್ನಿನ ಬೆಲ್ಟನ್ನೇ ತೆಗೆದುಹಾಕಿತು. ಕಾರು ತಯಾರಕರೇ ಆ ದಾರಿ ಹಿಡಿದಿರುವಾಗ ನಾವು ಬೆಲ್ಟಿಗೆ ಜೋತುಬೀಳುವುದರಲ್ಲಿ ಅರ್ಥವಿಲ್ಲ.

ಕುಂಬಳೆ ಗ್ಯಾರೇಜು:

ಪಂಪು ತರಿಸುವ ಮೊದಲು ನನ್ನ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಿ. ಇಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಇದೆಯೇ, ಅಥವಾ ನಮ್ಮ ಕಡೆಯ ಹಳೆಯ ರೂಢಿಯಂತೆ ಯಾರೋ ಕಿತ್ತು ಎಸೆದಿದ್ದಾರೆಯೇ? ರೇಡಿಯೇಟರಿನ ಫ್ಯಾನ್ ಯಾವುದು? ಅದರ ಸುತ್ತ ಶ್ರೌಡ್ ಎಂಬ ತಗಡಿನ ಕವಚ ಇದೆಯೇ? ಇವೆಲ್ಲಕ್ಕಿಂತ ಮುಖ್ಯವಾಗಿ, ಕಾರು ಬಿಸಿಯಾದಾಗ ರೇಡಿಯೇಟರಿನ ಮೇಲಿನ ಹೋಸಿಗೂ ಕೆಳಗಿನ ಹೋಸಿಗೂ ಎಷ್ಟು ಡಿಗ್ರಿ ವ್ಯತ್ಯಾಸವಿದೆ?

ಕೊನೆಯ ಪ್ರಶ್ನೆಯನ್ನು ಏಕೆ ಕೇಳುತ್ತಿದ್ದೇನೆಂದರೆ, ವ್ಯತ್ಯಾಸ ಹೆಚ್ಚಿದ್ದರೆ ನೀರು ನಿಧಾನವಾಗಿ ಹರಿಯುತ್ತಿದೆ ಎಂದು ಅರ್ಥ. ರೇಡಿಯೇಟರಿನಲ್ಲಿ ಅದು ಬಹಳ ಹೊತ್ತು ಇದ್ದು ಚೆನ್ನಾಗಿ ತಣಿದು ಹೊರಬರುತ್ತದೆ, ಆದರೆ ಇಂಜಿನ್ನಿಗೆ ಬೇಕಾದಷ್ಟು ತಲುಪುವುದಿಲ್ಲ. ವ್ಯತ್ಯಾಸ ಕಡಿಮೆಯಿದ್ದು ಎರಡು ಹೋಸುಗಳೂ ಸುಡುತ್ತಿದ್ದರೆ ನೀರು ಹರಿಯುತ್ತಿದೆ, ತಣಿಯುತ್ತಿಲ್ಲ. ಎರಡನೆಯ ಸ್ಥಿತಿಯಲ್ಲಿ ಎಷ್ಟು ದೊಡ್ಡ ಪಂಪು ಹಾಕಿದರೂ ಬಿಸಿನೀರನ್ನೇ ಬೇಗ ಬೇಗ ಸುತ್ತಿಸಿದಂತಾಗುತ್ತದೆ.

ಹೊಸೂರು ಕಾರ್ಖಾನೆಯವ:

ನಾನು ಹೊಸೂರಿನಲ್ಲಿ ವಾಹನದ ಬಿಡಿಭಾಗಗಳ ವಿನ್ಯಾಸದ ಕೆಲಸದಲ್ಲಿರುವವನು. ಪಂಪು ನನ್ನ ವಿಭಾಗವಲ್ಲ, ಆದರೂ ಲೆಕ್ಕ ಹಾಕುವುದು ಕಷ್ಟವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದೆ. ನಿಂತಲ್ಲೇ ಓಡುವ ಇಂಥ ಇಂಜಿನ್ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆಂದು ಇಟ್ಟುಕೊಳ್ಳಿ. ಅದು 9 ಕಿಲೋವ್ಯಾಟ್‌ಗೆ ಸಮ. ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಂದರೆ ಮೂರೂವರೆ ನಾಲ್ಕು ಕಿಲೋವ್ಯಾಟ್ ಶಾಖ ಕೂಲಂಟಿಗೆ, ಎಂದರೆ ಇಂಜಿನ್ ತಣಿಸುವ ದ್ರವಕ್ಕೆ ಸೇರುತ್ತದೆ. ನೀರು ಮತ್ತು ಗ್ಲೈಕಾಲ್ ಸಮಪಾಲಿನಲ್ಲಿರುವ ಮಿಶ್ರಣದ ಒಂದು ಲೀಟರ್ ಒಂದು ಡಿಗ್ರಿ ಬಿಸಿಯಾಗಲು ಸುಮಾರು 3.7 ಕಿಲೋಜೂಲ್ ಬೇಕು. ಹೋಸುಗಳ ನಡುವೆ 8 ಡಿಗ್ರಿ ವ್ಯತ್ಯಾಸವಿರಲೆಂದು ಬಯಸಿದರೆ, 4 ಕಿಲೋವ್ಯಾಟ್ ಶಾಖ ಸಾಗಿಸಲು ನಿಮಿಷಕ್ಕೆ 8 ಲೀಟರ್ ಸಾಕು. ಹೌದು, ಎಂಟೇ ಲೀಟರ್. ಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಹೆಚ್ಚುಕಡಿಮೆ ಅಷ್ಟು ಬರುತ್ತದೆ. ಸುಸ್ಥಿತಿಯಲ್ಲಿರುವ ಬೆಲ್ಟಿನ ಪಂಪು ಇಂಜಿನ್ ನಿಧಾನವಾಗಿ ಓಡುವಾಗಲೂ ಇದನ್ನು ಕೊಡಬಲ್ಲದು. ಆದ್ದರಿಂದ ಸಾಲಿನಲ್ಲಿ ನಿಂತಾಗ ಬಿಸಿಯಾಗುವುದಕ್ಕೆ ಪಂಪನ್ನು ಗುರಿ ಮಾಡುವ ಮೊದಲು ಗಾಳಿಯನ್ನು ಅನುಮಾನಿಸಬೇಕು.

ಪೂರ್ಣ ಹೊರೆಯ ಲೆಕ್ಕ ಬೇರೆ. ಈ ಇಂಜಿನ್ನಿನ ಶಕ್ತಿ 88 ಅಶ್ವಶಕ್ತಿ, ಎಂದರೆ ಸುಮಾರು 65 ಕಿಲೋವ್ಯಾಟ್. ಅಷ್ಟನ್ನೂ ಹಿಂಡಿದರೆ ಕೂಲಂಟಿಗೆ 55 ಕಿಲೋವ್ಯಾಟಿನ ಆಸುಪಾಸು ಹೋಗುತ್ತದೆ. 10 ಡಿಗ್ರಿ ವ್ಯತ್ಯಾಸಕ್ಕೆ ನಿಮಿಷಕ್ಕೆ 90 ಲೀಟರ್ ಬೇಕಾಗುತ್ತದೆ. ನೀವು ಹೇಳಿದ ಸಂಸ್ಥೆಯ ಪಂಪುಗಳ ಹೆಸರಿನಲ್ಲೇ ಇರುವ 80, 115, 150 ಎಂಬ ಸಂಖ್ಯೆಗಳು ನಿಮಿಷಕ್ಕೆ ಹರಿಯುವ ಲೀಟರುಗಳೇ. ಆದರೆ ಇಂಜಿನ್ನಿನ ಒಳಗಿನ ಇಕ್ಕಟ್ಟಾದ ದಾರಿಗಳು, ರೇಡಿಯೇಟರಿನ ಕೊಳವೆಗಳು ಎಲ್ಲವೂ ತಡೆಯೊಡ್ಡುವುದರಿಂದ ಕಾರಿನಲ್ಲಿ ಕೂರಿಸಿದ ಮೇಲೆ ಅಷ್ಟು ಬರುವುದಿಲ್ಲ. ಹೀಗಾಗಿ 115ಕ್ಕಿಂತ ಚಿಕ್ಕದನ್ನು ಈ ಕಾರಿಗೆ ಯೋಚಿಸಬಾರದು.

ಪೆರ್ಲದ ಕಾಂಟೆಸ್ಸಾ:

ಗ್ಯಾರೇಜಿನವರ ಪ್ರಶ್ನೆಗಳಿಗೆ ಉತ್ತರ ಕೊಡಲು ಒಂದು ವಾರ ಬೇಕಾಯಿತು, ಕ್ಷಮಿಸಿ. ಸೆನ್ಸರ್ ಇರುವ ಎರಡು ಅಗ್ಗದ ಡಿಜಿಟಲ್ ಥರ್ಮಾಮೀಟರುಗಳನ್ನು ತಂದು, ಎರಡು ಹೋಸುಗಳ ಲೋಹದ ತುದಿಗಳಿಗೆ ಸೆನ್ಸರನ್ನು ಬಿಗಿಯಾಗಿ ಕಟ್ಟಿ, ಮೇಲೆ ಹಳೆಯ ಸ್ಪಂಜು ಸುತ್ತಿ, ಪರದೆಗಳನ್ನು ಒಳಗೆ ಡ್ಯಾಶ್‌ಬೋರ್ಡಿನ ಮೇಲಿಟ್ಟೆ. ಭಾವನವರು ಪಕ್ಕದಲ್ಲಿ ಕುಳಿತು ಬರೆದುಕೊಂಡರು.

ಕಾಸರಗೋಡಿನಲ್ಲಿ ಸಾಲಿನಲ್ಲಿ ನಿಂತು, ಎಸಿ ಓಡುತ್ತಿರುವಾಗ ಮೇಲೆ 101, ಕೆಳಗೆ 96. ವ್ಯತ್ಯಾಸ ಐದೇ ಡಿಗ್ರಿ. ಸಂಪಾಜೆಯ ಏರಿನಲ್ಲಿ ಮೂರನೆಯ ಗೇರಿನಲ್ಲಿ, ಸುಮಾರು 3000 ಆರ್‌ಪಿಎಂನಲ್ಲಿ ಮೇಲೆ 99, ಕೆಳಗೆ 85. ವ್ಯತ್ಯಾಸ ಹದಿನಾಲ್ಕು.

ಥರ್ಮೋಸ್ಟಾಟ್ ಇದೆ, ಕುದಿಯುವ ನೀರಿನಲ್ಲಿ ಹಾಕಿ ನೋಡಿದೆ, ಪೂರ್ತಿ ತೆರೆಯುತ್ತದೆ. ಫ್ಯಾನಿನ ವಿಷಯದಲ್ಲಿ ನನಗೆ ಸ್ವಲ್ಪ ನಾಚಿಕೆಯಾಗುತ್ತಿದೆ. ಹಿಂದಿನ ಮಾಲೀಕರು ಪಂಪಿನ ಮುಂದಿದ್ದ ಫ್ಯಾನನ್ನು ತೆಗೆಸಿ, ಯಾವುದೋ ಚಿಕ್ಕ ಕಾರಿನ ಎಲೆಕ್ಟ್ರಿಕ್ ಫ್ಯಾನನ್ನು ಎರಡು ಪಟ್ಟಿಗಳ ಮೇಲೆ ಕೂರಿಸಿದ್ದಾರೆ. ಶ್ರೌಡ್ ಇಲ್ಲವೇ ಇಲ್ಲ.

ಕುಂಬಳೆ ಗ್ಯಾರೇಜು:

ಹಾಗಾದರೆ ಮೊದಲನೆಯ ತೊಂದರೆಗೆ ಉತ್ತರ ಸಿಕ್ಕಿತು. ಆ ಫ್ಯಾನು ತನ್ನ ರೆಕ್ಕೆಗಳ ವೃತ್ತದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಅದರಲ್ಲೂ ಅಂಚಿನಿಂದ ಬಿಸಿಗಾಳಿ ತಿರುಗಿ ಮುಂದಕ್ಕೇ ಬರುತ್ತದೆ. ಉಳಿದ ರೇಡಿಯೇಟರ್ ಕಾರು ನಿಂತಾಗ ಸುಮ್ಮನೆ ಬಿಸಿ ಗೋಡೆಯಂತೆ ಇರುತ್ತದೆ. ಮುಂದುಗಡೆ ಎಸಿಯ ಕಂಡೆನ್ಸರಿನ ಶಾಖವೂ ಸೇರಿಕೊಳ್ಳುತ್ತದೆ. ಶ್ರೌಡ್ ಮಾಡಿಸಿ. ಕಂಡೆನ್ಸರನ್ನು ಸರಿಸಿ ಅದಕ್ಕೂ ರೇಡಿಯೇಟರಿಗೂ ನಡುವಿನ ಸಂದಿಯನ್ನು ನೋಡಿ. ಮಣ್ಣಿನ ರಸ್ತೆಯಲ್ಲಿ ಓಡುವ ಕಾರುಗಳಲ್ಲಿ ಅಲ್ಲಿ ಕೆಂಪು ಧೂಳು, ಒಣ ಎಲೆ, ಹುಳುಗಳ ರೆಕ್ಕೆ ಸೇರಿ ಕಂಬಳಿಯೇ ನೇಯ್ದಿರುತ್ತದೆ.

ಹೊಸೂರು ಕಾರ್ಖಾನೆಯವ:

ಎರಡನೆಯ ಅಳತೆ ಹೆಚ್ಚು ಕುತೂಹಲಕಾರಿ. ನಾಲ್ಕು ಜನ ಕುಳಿತ ಒಂದೂವರೆ ಟನ್ನಿನ ಕಾರು ಆ ಏರಿನಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗಲು ಎಸಿಯೂ ಸೇರಿ 18ರಿಂದ 20 ಕಿಲೋವ್ಯಾಟ್ ಸಾಕು. ಕೂಲಂಟಿಗೂ ಅಷ್ಟೇ ಶಾಖ ಹೋಗುತ್ತದೆನ್ನಿ. 14 ಡಿಗ್ರಿ ವ್ಯತ್ಯಾಸದಲ್ಲಿ 20 ಕಿಲೋವ್ಯಾಟ್ ಸಾಗುತ್ತಿದೆಯೆಂದರೆ ಹರಿವು ನಿಮಿಷಕ್ಕೆ 23 ಲೀಟರ್ ಮಾತ್ರ. ನಿಂತಾಗ ನಿಮ್ಮ ಪಂಪು ಕೊಡುತ್ತಿರುವುದೇ 13 ಲೀಟರ್. ಇಂಥ ಪಂಪಿನಲ್ಲಿ ಹರಿವು ತಿರುಗುವ ವೇಗಕ್ಕೆ ತಕ್ಕಂತೆ ಏರಬೇಕು. ವೇಗ ನಾಲ್ಕು ಪಟ್ಟಾದಾಗ 13 ಲೀಟರ್ 50ರ ಹತ್ತಿರ ಹೋಗಬೇಕಿತ್ತು. ನಡುವೆ ಎಲ್ಲೋ ಏನೋ ಕತ್ತು ಹಿಸುಕುತ್ತಿದೆ.

ಇಲ್ಲಿ ಎಲೆಕ್ಟ್ರಿಕ್ ಪಂಪು ಸಹಾಯ ಮಾಡಬಹುದೇನೋ ಎಂದು ನಿಮಗೆ ಅನ್ನಿಸಬಹುದು. ಆದರೆ ಹಿಸುಕುತ್ತಿರುವುದು ಯಾವುದೆಂದು ತಿಳಿಯದೆ ಪಂಪು ಬದಲಿಸಬೇಡಿ.

ಬದಿಯಡ್ಕ ತೋಟಗಾರ:

ನಾನು ಕಾರಿನ ಮೆಕ್ಯಾನಿಕ್ ಅಲ್ಲ, ಅಡಕೆ ಕೃಷಿಕ. ಆದರೆ ಪಂಪಿನೊಂದಿಗೆ ನಲವತ್ತು ವರ್ಷ ಏಗಿದವನು. ಮೊದಲು ಬೆಲ್ಟು ಹಾಕಿ ಡೀಸೆಲ್ ಇಂಜಿನ್ನಿನಿಂದ ಓಡಿಸುತ್ತಿದ್ದೆವು, ಆಮೇಲೆ ಮೋಟರು ಬಂತು. ನೀವು ಈಗ ಚರ್ಚಿಸುತ್ತಿರುವುದನ್ನೇ ನಾವು ತೋಟದಲ್ಲಿ ಚರ್ಚಿಸಿ ಮುಗಿಸಿದ್ದೇವೆ.

ವೇಗ ಹೆಚ್ಚಾದಾಗಲೂ ನೀರು ಹೆಚ್ಚಾಗದಿದ್ದರೆ ನಾವು ಮೊದಲು ನೋಡುವುದು ಪಂಪನ್ನಲ್ಲ, ಸಕ್ಷನ್ ಪೈಪನ್ನು. ಪಂಪು ಎಳೆಯುವ ಬದಿಯಲ್ಲಿ ಒತ್ತಡ ಕಡಿಮೆಯಾಗುತ್ತದೆ. ಆ ಬದಿಯ ಪೈಪು ಮೆತ್ತಗಿದ್ದರೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ವೇಗ ಇಳಿಸಿದ ಕೂಡಲೇ ಮತ್ತೆ ಉಬ್ಬಿ ಏನೂ ಆಗದಂತೆ ಕುಳಿತಿರುತ್ತದೆ. ಅದಕ್ಕೇ ಸಕ್ಷನ್ನಿಗೆ ಸುರುಳಿಯಿರುವ ಗಟ್ಟಿ ಹೋಸನ್ನು ಹಾಕುವುದು. ನಿಮ್ಮ ಕಾರಿನಲ್ಲಿ ಪಂಪು ಎಳೆಯುವುದು ಕೆಳಗಿನ ಹೋಸಿನಿಂದ ಎಂದಾದರೆ, ಬಾನೆಟ್ ತೆರೆದಿಟ್ಟು ಯಾರಾದರೂ ಆಕ್ಸಿಲರೇಟರ್ ಒತ್ತುತ್ತಿರುವಾಗ ಆ ಹೋಸನ್ನು ನೋಡಿ.

ಇನ್ನೊಂದು ಮಾತು, ವಿಷಯಕ್ಕೆ ತುಸು ಪಕ್ಕದ್ದು. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಅಜ್ಜನ ಕಾಲದ ಸುರಂಗವಿದೆ. ಪಂಪು, ಮೋಟರು ಯಾವುದೂ ಇಲ್ಲದೆ ವರ್ಷವಿಡೀ ನೀರು ತಾನಾಗಿ ಹರಿದು ಕೆರೆಗೆ ಬೀಳುತ್ತದೆ. ಮೊದಲ ಕಾಲದ ಕಾರುಗಳಲ್ಲೂ ಹಾಗೆಯೇ ಇತ್ತೆಂದು ಕೇಳಿದ್ದೇನೆ. ನಿಜವೇ?

ಹೊಸೂರು ಕಾರ್ಖಾನೆಯವ:

ನಿಜ. ಫೋರ್ಡಿನ ಮಾಡೆಲ್ ಟಿಯ ಮೊದಲ ಸುಮಾರು 2500 ಕಾರುಗಳಲ್ಲಿ ಪಂಪು ಇತ್ತು, ಬಳಿಕ ಅದನ್ನು ಕೈಬಿಟ್ಟರು. ಬಿಸಿನೀರು ಹಗುರಾಗಿ ಮೇಲೇರಿ ರೇಡಿಯೇಟರಿಗೆ ಹೋಗುತ್ತಿತ್ತು, ತಣಿದದ್ದು ಕೆಳಗಿಳಿದು ಇಂಜಿನ್ನಿಗೆ ಬರುತ್ತಿತ್ತು. ಸುರಂಗದಲ್ಲಿ ಇಳಿಜಾರು ಮಾಡುವ ಕೆಲಸವನ್ನು ಅಲ್ಲಿ ಶಾಖ ಮಾಡುತ್ತಿತ್ತು. 20 ಅಶ್ವಶಕ್ತಿಯ ಇಂಜಿನ್ನಿಗೆ ಅದು ಸಾಕಾಯಿತು, 88ಕ್ಕೆ ಸಾಲದು.

ಸಕ್ಷನ್ ಹೋಸಿನ ಬಗ್ಗೆ ನೀವು ಹೇಳಿದ್ದು ನನಗೆ ಹೊಳೆದಿರಲಿಲ್ಲ. ನನ್ನ ಅನುಮಾನ ಪಂಪಿನೊಳಗೆ ತಿರುಗಿ ನೀರನ್ನು ತಳ್ಳುವ ಇಂಪೆಲ್ಲರಿನ ಮೇಲಿತ್ತು.

ಮುಳ್ಳೇರಿಯದ ಜಿಪ್ಸಿ:

ಎಲೆಕ್ಟ್ರಿಕ್ ಪಂಪನ್ನು ನಿಜವಾಗಿ ಬಳಸುತ್ತಿರುವವರ ಮಾತೂ ಇಲ್ಲಿ ಇರಲಿ. ನನ್ನ ಜಿಪ್ಸಿಯಲ್ಲಿ ಬೇರೆ ಕಾರಿನ ಇಂಜಿನ್ ಕೂರಿಸಿದಾಗ ಪಂಪಿನ ಪುಲ್ಲಿ ಚಾಸಿಯ ಅಡ್ಡಪಟ್ಟಿಗೆ ತಾಗುತ್ತಿದ್ದುದರಿಂದ ಬೇರೆ ದಾರಿಯೇ ಇರಲಿಲ್ಲ. ನಾಲ್ಕು ವರ್ಷವಾಯಿತು. ನನಗೆ ಇದರ ಬಗ್ಗೆ ದೂರಿಲ್ಲ, ಆದರೆ ಇದು ಹಾಕಿ ಮರೆತುಬಿಡುವ ವಸ್ತು ಅಲ್ಲ.

ಮೊದಲನೆಯದಾಗಿ ಅದನ್ನು ಇಡುವ ಜಾಗ. ಕೆಳಗಿನ ಹೋಸಿನ ಹಾದಿಯಲ್ಲಿ, ಸಾಧ್ಯವಾದಷ್ಟು ಕೆಳಗೆ, ನೀರು ತಾನಾಗಿ ಬಂದು ತುಂಬಿಕೊಳ್ಳುವಂತೆ ಇಡಬೇಕು. ತೋಟದ ಪಂಪಿನಂತೆ ಇದೂ ಗಾಳಿಯನ್ನು ಎಳೆಯಲಾರದು, ಪ್ರೈಮ್ ಆಗಿರಲೇಬೇಕು. ನಾನು ಮೊದಲು ಮೂರು ಇಂಚು ಮೇಲೆ ಇಟ್ಟು ಎರಡು ದಿನ ಗಾಳಿ ಬಿಡಿಸುವುದರಲ್ಲೇ ಕಳೆದೆ.

ಎರಡನೆಯದು ಥರ್ಮೋಸ್ಟಾಟಿನ ಪ್ರಶ್ನೆ. ಕಂಟ್ರೋಲರ್ ಇರುವ ಎಲೆಕ್ಟ್ರಿಕ್ ಪಂಪು ಇಂಜಿನ್ನಿನ ಬಿಸಿ ನೋಡಿಕೊಂಡು ತಾನೇ ಬಿಟ್ಟು ಬಿಟ್ಟು ಓಡುತ್ತದೆ, ಬಿಸಿಯಾದಾಗ ಪೂರ್ಣ ವೇಗಕ್ಕೆ ಹೋಗುತ್ತದೆ. ಥರ್ಮೋಸ್ಟಾಟ್ ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುವುದರಿಂದ ಥರ್ಮೋಸ್ಟಾಟನ್ನು ತೆಗೆದು, ರೇಡಿಯೇಟರಿಗೆ ಹೋಗದೆ ನೀರು ಒಳಗೇ ಸುತ್ತುವ ಬೈಪಾಸ್ ದಾರಿಯನ್ನು ಮುಚ್ಚಬೇಕು. ಎರಡನ್ನೂ ಇಟ್ಟರೆ ಒಂದೇ ಮನೆಗೆ ಇಬ್ಬರು ಯಜಮಾನರಾದಂತೆ. ಒಬ್ಬ ಬಾಗಿಲು ಮುಚ್ಚಿದಾಗ ಇನ್ನೊಬ್ಬ ತಳ್ಳುತ್ತಿರುತ್ತಾನೆ.

ಇನ್ನು ವಯರಿಂಗ್. ಹಿಂದಿನ ಮಳೆಗಾಲದಲ್ಲಿ ಪಾಣತ್ತೂರಿನಿಂದ ಕರಿಕೆಯ ಮೂಲಕ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಪಂಪು ನಿಂತಿತು. ಪಂಪಿಗೆ ಏನೂ ಆಗಿರಲಿಲ್ಲ. ಪಂಪಿಗೆ ಕರೆಂಟು ಕೊಡುವ ಸ್ವಿಚ್ಚಾದ ರಿಲೇಯ ಬುಡದಲ್ಲಿ ನೀರು ಸೇರಿ ತುಕ್ಕು ಹಿಡಿದಿತ್ತು. ಬೆಲ್ಟಿನ ಪಂಪು ಸಾಯುವ ಮೊದಲು ತಿಂಗಳುಗಟ್ಟಲೆ ಮುನ್ಸೂಚನೆ ಕೊಡುತ್ತದೆ: ಹನಿ ಬೀಳುತ್ತದೆ, ಬೇರಿಂಗ್ ಕಿರುಗುಟ್ಟುತ್ತದೆ, ಪುಲ್ಲಿ ಅಲುಗಾಡುತ್ತದೆ. ಇದು ಹಾಗಲ್ಲ, ಓಡುತ್ತಿದ್ದದ್ದು ಮರುಕ್ಷಣ ನಿಲ್ಲುತ್ತದೆ. ಸದ್ದೂ ಬದಲಾಗುವುದಿಲ್ಲ. ನಾನು ಪಂಪಿನ ಕರೆಂಟು ಕಡಿದರೆ ಕೂಗುವ ಬಜರನ್ನು ಮೊದಲೇ ಹಾಕಿಸಿದ್ದರಿಂದ, ಇಂಜಿನ್ ಅತಿಯಾಗಿ ಬಿಸಿಯಾದರೆ ಹಾಳಾಗುವ ಹೆಡ್ ಗ್ಯಾಸ್ಕೆಟ್ ಉಳಿಯಿತು. ಕಾಡಿನ ನಡುವೆ, ಆ ಮಳೆಯಲ್ಲಿ, ನೆಟ್‌ವರ್ಕ್ ಇಲ್ಲದ ಕಡೆ ಒಂದು ತಂತಿಯ ತುಂಡಿನಿಂದ ಬ್ಯಾಟರಿಗೆ ನೇರ ಕೊಟ್ಟು ಊರು ಸೇರಿದೆ. ಬಜರ್ ಇಲ್ಲದೆ ಎಲೆಕ್ಟ್ರಿಕ್ ಪಂಪು ಹಾಕುವವರಿಗೆ ನಾನು ಸಲಹೆ ಕೊಡುವುದಿಲ್ಲ.

ಮಂಜೇಶ್ವರದ ಸದಸ್ಯ:

ಇಷ್ಟೆಲ್ಲ ಇದ್ದರೂ ಬೆಲ್ಟಿನ ಪಂಪು ಇಂಜಿನ್ನಿನ ಶಕ್ತಿಯನ್ನು ತಿನ್ನುತ್ತದೆ, ಎಲೆಕ್ಟ್ರಿಕ್ ಪಂಪಿನಿಂದ ಶಕ್ತಿಯೂ ಮೈಲೇಜೂ ಹೆಚ್ಚುತ್ತವೆ ಎಂಬುದನ್ನು ಯಾರೂ ಹೇಳಲಿಲ್ಲ.

ಹೊಸೂರು ಕಾರ್ಖಾನೆಯವ:

ಆ ಮಾತು ರೇಸಿನ ಕಾರಿಗೆ ನಿಜ, ರಸ್ತೆಯ ಕಾರಿಗೆ ಬಹುಮಟ್ಟಿಗೆ ಅಲ್ಲ. ಏಕೆಂದು ಬರೆಯುತ್ತೇನೆ, ಇದು ತುಸು ಉದ್ದವಾಗುತ್ತದೆ.

ಬೆಲ್ಟಿನ ಪಂಪು 3000 ಆರ್‌ಪಿಎಂನಲ್ಲಿ ನಿಮಿಷಕ್ಕೆ 100 ಲೀಟರನ್ನು ಅರ್ಧ ಬಾರ್ ಒತ್ತಡದಲ್ಲಿ ತಳ್ಳುತ್ತದೆಂದು ಇಟ್ಟುಕೊಳ್ಳೋಣ. ನೀರಿಗೆ ಸೇರುವ ಶಕ್ತಿ 83 ವ್ಯಾಟ್. ಇಂಥ ಸಾದಾ ಪಂಪಿನ ದಕ್ಷತೆ ನೂರಕ್ಕೆ 35ರಿಂದ 40 ಎಂದರೂ ಬೆಲ್ಟಿನಿಂದ ಅದು ಎಳೆಯುವುದು 200ರಿಂದ 240 ವ್ಯಾಟ್. ಎಲೆಕ್ಟ್ರಿಕ್ ಪಂಪು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆದರೆ 120 ವ್ಯಾಟ್. ಕೇಳಲು ಅರ್ಧ. ಆದರೆ ಆ ವಿದ್ಯುತ್ ಆಕಾಶದಿಂದ ಇಳಿಯುವುದಿಲ್ಲ, ಅದೇ ಬೆಲ್ಟಿನಿಂದ ಓಡುವ ಆಲ್ಟರ್ನೇಟರಿನಿಂದ ಬರುತ್ತದೆ. ಹಳೆಯ ಆಲ್ಟರ್ನೇಟರಿನ ದಕ್ಷತೆ ನೂರಕ್ಕೆ 55ರಿಂದ 60. ಹಾಗಾಗಿ ಇಂಜಿನ್ ಕೊಡಬೇಕಾದದ್ದು ಮತ್ತೆ 200ರಿಂದ 220 ವ್ಯಾಟ್. ಸರಿಸಮ.

ವ್ಯತ್ಯಾಸ ಕಾಣುವುದು ಎರಡು ತುದಿಗಳಲ್ಲಿ. ಪಂಪು ಬೇಡುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು. 6000 ಆರ್‌ಪಿಎಂನಲ್ಲಿ ಅದೇ ಬೆಲ್ಟಿನ ಪಂಪು ಎರಡು ಕಿಲೋವ್ಯಾಟಿನ ಹತ್ತಿರ, ಅಂದರೆ ಎರಡೂವರೆ ಅಶ್ವಶಕ್ತಿ ತಿನ್ನುತ್ತದೆ. ಇಡೀ ದಿನ 6000ದಲ್ಲೇ ಓಡುವ ರೇಸಿನವನಿಗೆ ಅದು ದೊಡ್ಡದು. ಕಾಂಟೆಸ್ಸಾದಲ್ಲಿ ಚೆರ್ಕಳಕ್ಕೆ ಹೋಗುವವರು ವರ್ಷಕ್ಕೆ ಎಷ್ಟು ನಿಮಿಷ 6000 ಮುಟ್ಟುತ್ತಾರೆ? ಇನ್ನೊಂದು ತುದಿಯಲ್ಲಿ, 750 ಆರ್‌ಪಿಎಂನಲ್ಲಿ ಬೆಲ್ಟಿನ ಪಂಪಿಗೆ ಬೇಕಾಗುವುದು ಮೂರು ನಾಲ್ಕು ವ್ಯಾಟ್ ಮಾತ್ರ. ಕಂಟ್ರೋಲರ್ ಇಲ್ಲದೆ ಸದಾ ಪೂರ್ಣ ವೇಗದಲ್ಲಿ ಓಡುವ ಎಲೆಕ್ಟ್ರಿಕ್ ಪಂಪು ಆಗಲೂ ಆ 120 ವ್ಯಾಟನ್ನೇ ಎಳೆಯುತ್ತಿರುತ್ತದೆ, ಅದೂ ಆಲ್ಟರ್ನೇಟರ್ ಅತ್ಯಂತ ದುರ್ಬಲವಾಗಿರುವ ಹೊತ್ತಿನಲ್ಲಿ. ಮಳೆಗಾಲದ ರಾತ್ರಿಯೊಂದನ್ನು ಕಲ್ಪಿಸಿಕೊಳ್ಳಿ: ಹೆಡ್‌ಲೈಟಿಗೆ 10 ಆಂಪಿಯರ್, ರೇಡಿಯೇಟರ್ ಫ್ಯಾನಿಗೆ 10, ವೈಪರಿಗೆ 4, ಇಗ್ನಿಷನ್ನಿಗೆ 4, ಎಸಿಯ ಬ್ಲೋವರಿಗೆ ಮತ್ತಷ್ಟು. ಅದರ ಮೇಲೆ ಪಂಪಿನ 10. ಸಾಲಿನಲ್ಲಿ ನಿಂತ ಹಳೆಯ ಆಲ್ಟರ್ನೇಟರ್ ಇದನ್ನು ಪೂರೈಸಲಾರದೆ ಬ್ಯಾಟರಿ ಇಳಿಯತೊಡಗುತ್ತದೆ. ವೋಲ್ಟೇಜ್ ಇಳಿದಂತೆ ಪಂಪಿನ ವೇಗವೂ ಇಳಿಯುತ್ತದೆ. ವೋಲ್ಟೇಜ್ ಕಡಿಮೆಯಾದರೆ ಮೋಟರು ಏನು ಮಾಡುತ್ತದೆಂದು ತೋಟದವರಿಗೆ ನಾನು ಹೇಳಬೇಕಾಗಿಲ್ಲ.

ಬಿಎಂಡಬ್ಲ್ಯು ಎನ್52 ಉದಾಹರಣೆ ಸರಿಯೇ, ಆದರೆ ಅಲ್ಲಿಯ 200 ವ್ಯಾಟಿನ ಪಂಪು ಇಂಜಿನ್ನಿನ ಕಂಪ್ಯೂಟರ್ ಹೇಳಿದಷ್ಟೇ ತಿರುಗುತ್ತದೆ. ಉಳಿತಾಯ ಬರುವುದು ಆ ಹಿಡಿತದಿಂದ. ಗುಜರಿಯಿಂದ ಅದೇ ಪಂಪನ್ನು ತಂದು ಎರಡು ತಂತಿ ಕೊಟ್ಟರೆ ಆ ಲಾಭ ಬರುವುದಿಲ್ಲ.

ಬದಿಯಡ್ಕ ತೋಟಗಾರ:

ವೋಲ್ಟೇಜ್ ಇಳಿದರೆ ಮೋಟರು ಮಾಡುವುದು ಬರೀ ಸದ್ದು. ಮೇ ತಿಂಗಳಲ್ಲಿ ಬನ್ನಿ, ಕೇಳಿಸುತ್ತೇನೆ.

ಕುಂಬಳೆ ಗ್ಯಾರೇಜು:

ಒಂದು ಸೂಕ್ಷ್ಮವನ್ನು ಸೇರಿಸುತ್ತೇನೆ. ಎಲೆಕ್ಟ್ರಿಕ್ ಪಂಪು ಹಾಕುವವರು ಸಾಮಾನ್ಯವಾಗಿ ಹಳೆಯ ಪಂಪಿನ ಇಂಪೆಲ್ಲರನ್ನು ಕತ್ತರಿಸಿ ತೆಗೆದು, ಅದರ ಮೈ, ಶಾಫ್ಟು, ಪುಲ್ಲಿಗಳನ್ನು ಹಾಗೆಯೇ ಬಿಡುತ್ತಾರೆ, ಏಕೆಂದರೆ ಬೆಲ್ಟು ಆ ಪುಲ್ಲಿಯನ್ನು ಸುತ್ತಿಕೊಂಡೇ ಆಲ್ಟರ್ನೇಟರಿಗೆ ಹೋಗಬೇಕು. ಆಗ ನೀವು ಏನನ್ನು ಬದಲಿಸಿದಿರಿ? ಹನಿ ಬೀಳುವುದು ಇಂಪೆಲ್ಲರಿನಿಂದಲ್ಲ, ಸೀಲಿನಿಂದ. ಸದ್ದು ಬರುವುದು ಬೇರಿಂಗಿನಿಂದ. ಎರಡೂ ಅಲ್ಲೇ ಉಳಿದವು, ಜೊತೆಗೆ ಒಂದು ಮೋಟರು, ಒಂದು ರಿಲೇ, ಒಂದು ಫ್ಯೂಸು, ಒಂದು ಸೆನ್ಸರ್ ಹೊಸದಾಗಿ ಸೇರಿದವು. ಶಾಫ್ಟನ್ನೇ ತೆಗೆದು ತಟ್ಟೆ ಮುಚ್ಚಿ, ಬೆಲ್ಟಿನ ದಾರಿಯನ್ನು ಐಡ್ಲರ್ ಪುಲ್ಲಿಯಿಂದ ತಿರುಗಿಸಿದರೆ ಮಾತ್ರ ಹಳೆಯ ಪಂಪಿನ ಕಾಟ ನಿಜವಾಗಿ ತಪ್ಪುತ್ತದೆ, ಅದಕ್ಕೆ ಲೇತ್ ಕೆಲಸ ಬೇಕು. ಲೇತಿಗೆ ಹೇಗೂ ಹೋಗುವುದಾದರೆ, ಅಲ್ಲೇ ಹಳೆಯ ಪಂಪಿಗೆ ಅಳತೆಯ ಬೇರಿಂಗೂ ಸೀಲೂ ಕೂರಿಸಿಕೊಂಡು ಬರಬಹುದು. ಮಂಗಳೂರಿನ ಲೇತುಗಳಲ್ಲಿ ಇದು ಹೊಸ ಕೆಲಸವೇನಲ್ಲ.

ಥರ್ಮೋಸ್ಟಾಟಿನ ಬಗ್ಗೆಯೂ ಒಂದು ಮಾತು. ಜಿಪ್ಸಿಯವರು ಹೇಳಿದ್ದು ಕಂಟ್ರೋಲರ್ ಇರುವ ಎಲೆಕ್ಟ್ರಿಕ್ ಪಂಪಿಗೆ. ಬೆಲ್ಟಿನ ಪಂಪು ಇಟ್ಟುಕೊಂಡು ಥರ್ಮೋಸ್ಟಾಟ್ ಕಿತ್ತು ಎಸೆಯುವುದು ಬೇರೆ ವಿಷಯ, ತಪ್ಪು ವಿಷಯ. ಅನೇಕ ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗ ಅದರ ಕೆಳತಟ್ಟೆ ಬೈಪಾಸನ್ನು ಮುಚ್ಚುತ್ತದೆ. ಅದು ಇಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತುತ್ತದೆ. ತಣಿಯಲೆಂದು ಕಿತ್ತವರ ಕಾರು ಘಾಟಿಯಲ್ಲಿ ಮತ್ತಷ್ಟು ಬಿಸಿಯಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಪೆರ್ಲದ ಕಾಂಟೆಸ್ಸಾ:

ತೋಟಗಾರರಿಗೆ ಮೊದಲು ಕೈಮುಗಿಯುತ್ತೇನೆ. ಭಾವನವರನ್ನು ಆಕ್ಸಿಲರೇಟರಿನ ಮೇಲೆ ಕೂರಿಸಿ, ನಾನು ಟಾರ್ಚ್ ಹಿಡಿದು ಕೆಳಗಿನ ಹೋಸನ್ನು ನೋಡಿದೆ. 2500 ದಾಟುವವರೆಗೆ ಏನೂ ಇಲ್ಲ. 3000ದ ಹತ್ತಿರ ಬರುತ್ತಿದ್ದಂತೆ ಹೋಸಿನ ಬಾಗು ಹಪ್ಪಳದಂತೆ ಚಪ್ಪಟೆಯಾಯಿತು! ಕಾಲು ತೆಗೆದ ಕೂಡಲೇ ಉಬ್ಬಿತು. ಬಿಚ್ಚಿ ನೋಡಿದರೆ ಒಳಗೆ ಇರಬೇಕಾದ ಸ್ಪ್ರಿಂಗು ತುಕ್ಕು ಹಿಡಿದು ಚೂರಾಗಿದೆ, ಆ ಚೂರುಗಳಲ್ಲಿ ಕೆಲವು ಪಂಪಿನ ಬಾಯಲ್ಲೇ ಸಿಕ್ಕಿಕೊಂಡಿದ್ದವು. ಇಷ್ಟು ವರ್ಷ ರೇಡಿಯೇಟರಿಗೆ ಬಾವಿಯ ನೀರನ್ನೇ ಹಾಕಿದ ಫಲ ಇದು. ಮುರಕಲ್ಲಿನ ನೆಲದ ನಮ್ಮ ಬಾವಿಯ ನೀರು ಹುಳಿಸ್ವಭಾವದ್ದು ಎಂದು ಗೊತ್ತಿದ್ದೂ ಉದಾಸೀನ ಮಾಡಿದೆ. ಇನ್ನು ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಮಾತ್ರ.

ಪಂಪನ್ನು ಬಿಚ್ಚಿ ಲೇತಿಗೆ ಕೊಟ್ಟೆ. ಹೊಸ ಬೇರಿಂಗು, ಹೊಸ ಸೀಲು. ಇಂಪೆಲ್ಲರಿನ ಎಲೆಗಳ ಅಂಚು ತುಸು ಸವೆದಿದ್ದರೂ ಬಳಸುವಂತಿದೆ ಎಂದರು. ರೇಡಿಯೇಟರಿಗೆ ಜಿಐ ತಗಡಿನಲ್ಲಿ ಶ್ರೌಡ್ ಮಾಡಿಸಿದೆ. ಗ್ಯಾರೇಜಿನವರು ಹೇಳಿದ ಕಂಬಳಿ ಕಂಡೆನ್ಸರಿನ ಹಿಂದೆ ನಿಜವಾಗಿಯೂ ಇತ್ತು, ಅದರಲ್ಲಿ ಅರ್ಧ ಅಡಕೆಮರದ ಹಿಂಗಾರದ ಪುಡಿ. ಎಲ್ಲ ಜೋಡಿಸಿದ ಮೇಲೆ ಅದೇ ಸಾಲಿನಲ್ಲಿ, ಅದೇ ಎಸಿಯೊಂದಿಗೆ ಮೇಲೆ 91, ಕೆಳಗೆ 85. ಸಂಪಾಜೆಯಲ್ಲಿ ಮೇಲೆ 90, ಕೆಳಗೆ 83.

ಆದ್ದರಿಂದ ಎಲೆಕ್ಟ್ರಿಕ್ ಪಂಪು ತರಿಸುವ ಯೋಚನೆಯನ್ನು ಬಿಟ್ಟೆ. ಆದರೆ ಒಂದು ಆಸೆ ಉಳಿದಿದೆ. ಘಾಟಿ ಹತ್ತಿ ಚಹಾಕ್ಕೆ ನಿಲ್ಲಿಸಿ ಹತ್ತು ನಿಮಿಷದ ಬಳಿಕ ಸ್ಟಾರ್ಟ್ ಮಾಡಿದರೆ ಇಂಜಿನ್ ಮೊಂಡು ಹಿಡಿಯುತ್ತದೆ. ನೀರು ನಿಂತ ಮೇಲೆ ಬಿಸಿ ಏರಿ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಕುದಿಯುತ್ತದೆಂದು ಕಾಣುತ್ತದೆ. ಇದಕ್ಕಾದರೂ ಎಲೆಕ್ಟ್ರಿಕ್ ಪಂಪು ಪ್ರಯೋಜನಕ್ಕೆ ಬರುವುದಿಲ್ಲವೇ?

ಮುಳ್ಳೇರಿಯದ ಜಿಪ್ಸಿ:

ಬೆಲ್ಟಿನ ಪಂಪಿಗೆ ಆಗದೆ ಎಲೆಕ್ಟ್ರಿಕ್ ಪಂಪಿಗೆ ಮಾತ್ರ ಆಗುವ ಕೆಲಸ ಅದೊಂದೇ. ನನ್ನದು ಕೀ ತೆಗೆದ ಮೇಲೂ ಎರಡು ಮೂರು ನಿಮಿಷ ಫ್ಯಾನಿನೊಂದಿಗೆ ಓಡಿ ಆಮೇಲೆ ನಿಲ್ಲುತ್ತದೆ. ಮೂರು ನಿಮಿಷಕ್ಕೆ 10 ಆಂಪಿಯರ್ ಎಂದರೆ ಬ್ಯಾಟರಿಯಿಂದ ಅರ್ಧ ಆಂಪಿಯರ್ ಅವರ್, ಅದು ಲೆಕ್ಕಕ್ಕೇ ಇಲ್ಲ. ಆದರೆ ಇಷ್ಟಕ್ಕೆ ದೊಡ್ಡ ಪಂಪು ಬೇಡ. ಟರ್ಬೊ ಇರುವ ಕಾರುಗಳಲ್ಲಿ ಇಂಜಿನ್ ನಿಂತ ಮೇಲೆ ಟರ್ಬೊ ತಣಿಸಲು ಓಡುವ ಮುಷ್ಟಿಗಾತ್ರದ ಪಂಪು ಇರುತ್ತದೆ. ಅದನ್ನು ಹೀಟರಿನ ಹೋಸಿನ ಹಾದಿಯಲ್ಲಿ ಹಾಕಿ ಟೈಮರ್ ರಿಲೇ ಕೊಡಬಹುದು.

ಕುಂಬಳೆ ಗ್ಯಾರೇಜು:

ಅದಕ್ಕೂ ಮೊದಲು ಫ್ಯಾನಿಗೆ ಮಾತ್ರ ಟೈಮರ್ ಕೊಟ್ಟು, ಕಾರ್ಬುರೇಟರಿನ ಬುಡದಲ್ಲಿ ಶಾಖ ತಡೆಯುವ ದಪ್ಪ ಪ್ಯಾಕಿಂಗ್ ಇದೆಯೇ ನೋಡಿ. ಬಾನೆಟಿನ ಒಳಗಿನ ಗಾಳಿ ಹೊರಹೋದರೆ ಅರ್ಧ ಕಾಟ ತಪ್ಪುತ್ತದೆ. ನಿಮ್ಮ ಪೆಟ್ರೋಲ್ ಪೈಪು ಎಕ್ಸಾಸ್ಟಿನ ಎಷ್ಟು ಹತ್ತಿರ ಹಾದುಹೋಗುತ್ತದೆ?

ಪೆರ್ಲದ ಕಾಂಟೆಸ್ಸಾ:

ಒಂದು ಬೆರಳು ತೂರುವಷ್ಟು. ನಾಳೆ ಭಾನುವಾರ, ಬಿಚ್ಚಿ ಬೇರೆ ದಾರಿಯಲ್ಲಿ ಕಟ್ಟಿ ನೋಡುತ್ತೇನೆ.